ಶ್ರೀ ಪಾದುಕಪ್ಪನವರು ಒಂದು ಮೊಳ ಹೂವು ಕೊಂಡದ್ದು

ಶಿರಾ ಪಟ್ಟಣದ ಹೊರಗೆ, ಹುಣಿಸೇಗುಡ್ಡದ ಮಲ್ಲೇಶ್ವರ ಸ್ವಾಮಿಯ ಮೆಟ್ಟಿಲು ಶುರುವಾಗುವ ಕಡೆ ಒಂದು ತಗಡಿನ ಚಪ್ಪರವಿತ್ತು. ಅದರ ಕೆಳಗೆ, ಭಕ್ತರು ಬಿಟ್ಟ ಚಪ್ಪಲಿಗಳ ನಡುವೆ, ಗೋಣಿತಾಟಿನ ಮೇಲೆ ಪೂಜ್ಯ ಶ್ರೀ ಪಾದುಕಪ್ಪನವರು ಕುಳಿತಿರುತ್ತಿದ್ದರು. ಅವರ ಪೂರ್ವಾಶ್ರಮದ ಹೆಸರು ಯಾರಿಗೂ ತಿಳಿಯದು. ಯಾರ ಜೋಡನ್ನೂ ಅವರು ಕಾಲಿನಿಂದ ಸರಿಸಿದವರಲ್ಲ. ಎರಡೂ ಕೈಯಲ್ಲಿ ಎತ್ತಿ, ಧೂಳು ಒರೆಸಿ, ಮೂತಿ ಗುಡಿಯ ಕಡೆಗಿರುವಂತೆ ಇಡುತ್ತಿದ್ದರು. ಕಾಸು ಕೊಟ್ಟವರಿಗೂ ಕೈಮುಗಿಯುತ್ತಿದ್ದರು, ಕೊಡದೆ ಜಾರಿಕೊಂಡವರಿಗೂ ಕೈಮುಗಿಯುತ್ತಿದ್ದರು.

ಅಂಥ ಮಹಾತ್ಮರು ಕಣ್ಣೆದುರಿಗೆ ಇರುವಾಗ ಜನ ಏನು ಕೇಳಬೇಕು? ಮುಕ್ತಿ ಕೇಳಬೇಕು, ಮನಸ್ಸಿಗೆ ಶಾಂತಿ ಕೇಳಬೇಕು. ನಮ್ಮವರು ಕೇಳುತ್ತಿದ್ದದ್ದು ಬೋರ್‌ವೆಲ್ ಎಲ್ಲಿ ಕೊರೆಸಲಿ, ಸೊಸೆಯ ಬಾಯಿ ಹೇಗೆ ಮುಚ್ಚಿಸಲಿ, ಅಂಗಡಿಗೆ ಗಿರಾಕಿ ಯಾಕೆ ಬರುತ್ತಿಲ್ಲ, ಇಂಥವೇ. ಎದುರಿಗೇ ಕಾಯಿ ಕರ್ಪೂರ ಮಾರಿಕೊಂಡು ಕೂತ ನಾನು ಕೇಳಿ ಕೇಳಿ ಹಣೆ ಚಚ್ಚಿಕೊಂಡಿದ್ದೇನೆ. ಅವರು ಮಾತ್ರ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ.

ಈಗ ಓಬಳಮ್ಮನ ವಿಷಯ. ಚಪ್ಪರದ ಪಕ್ಕದಲ್ಲೇ ಅವಳ ಹೂವಿನ ಬುಟ್ಟಿ. ಅತ್ತೆ ಕೂರುತ್ತಿದ್ದ ಜಾಗ, ಅತ್ತೆ ಹೋದ ಮೇಲೆ ಇವಳಿಗೆ ಬಂತು. ಗಂಡ ಪಾರ್ಶ್ವವಾಯು ಹೊಡೆದು ಮಲಗಿದ ಮೇಲೆ ಆ ಬುಟ್ಟಿಯೇ ಮನೆಯ ಒಲೆ ಉರಿಸುತ್ತಿತ್ತು. ಹೆಣ್ಣು ಒಳ್ಳೆಯವಳು, ಆದರೆ ದೇವರು ಅವಳನ್ನು ಮಾಡುವಾಗ ಮಣ್ಣು ಸಾಲದೆ ಹೋಗಿತ್ತು. ಗಿಡ್ಡ ಆಳು, ಸೌಟಿನಷ್ಟೇ ಕೈ. ಹೂವು ಮಾರುವವಳಿಗೆ ಕೈ ಗಿಡ್ಡವಾದರೆ ಏನು ಗತಿ ಹೇಳಿ. ನಮ್ಮಲ್ಲಿ ಹೂವು ಮೊಳದ ಲೆಕ್ಕ. ಮೊಳ ಎಂದರೆ ಮಾರುವವಳ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಪಕ್ಕದ ಬುಟ್ಟಿಯ ಸಾಕಮ್ಮ ನೀಲಗಿರಿ ಮರದ ಹಾಗೆ ಬೆಳೆದವಳು. ಅವಳು ಕೈ ಚಾಚಿದರೆ ಎದುರಿನ ಬೀದಿಗೆ ಮುಟ್ಟಬೇಕು. ಅವಳ ಹೂವು ಅರ್ಚಕರ ಮನೆಯ ಪೂಜೆಗಲ್ಲದೆ ಅರ್ಚಕರ ಮಂಚಕ್ಕೂ ಹೋಗುತ್ತದೆ ಎಂದು ಜನ ಆಡುತ್ತಿದ್ದರು. ನಾನು ಆಡಿದವಳಲ್ಲ, ಕೇಳಿದವಳು, ಅಷ್ಟೆ. ಅವಳು ಹೂವು ಕಟ್ಟುವ ಚಂದ ಹೇಗೆಂದರೆ ಒಂದು ಹೂವಿಗೂ ಇನ್ನೊಂದಕ್ಕೂ ನಡುವೆ ಇರುವೆಗಳ ದಿಬ್ಬಣ ಹೋಗಬಹುದು. ಓಬಳಮ್ಮನದು ಒತ್ತಾಗಿ ಕಟ್ಟಿದ ಹೂವು, ದಾರವೇ ಕಾಣದು. ಜನ ಒತ್ತು ನೋಡಲಿಲ್ಲ, ಉದ್ದ ನೋಡಿದರು.

"ಓಬಳಮ್ಮನ ಮೊಳ ಮೋಸ" ಎಂಬ ಮಾತು ಹುಟ್ಟಿತು. ಯಾರು ಹುಟ್ಟಿಸಿದರೋ, ಧರ್ಮದರ್ಶಿ ನಿಂಗರಾಜಯ್ಯನವರ ಹೆಂಡತಿಯಂತೂ ಅದನ್ನು ತೊಟ್ಟಿಲಿಗೆ ಹಾಕಿ ತೂಗಿದಳು. ಅಂಗಡಿಯ ಜಾಗ ಯಾರಿಗೆ ಎಂದು ತೀರ್ಮಾನಿಸುವವರು ಇದೇ ನಿಂಗರಾಜಯ್ಯನವರು. ಕಾರ್ತಿಕ ಮಾಸ ಶುರುವಾಗುವ ಹೊತ್ತಿಗೆ ಅವರು ಬಂದು, "ನೋಡಮ್ಮ, ಕಡೇ ಸೋಮವಾರ ನಾನೇ ಬಂದು ನೋಡ್ತೀನಿ. ಆಗಲೂ ದೂರು ಇದ್ರೆ ಬುಟ್ಟಿ ಎತ್ತಿಬಿಡು" ಎಂದು ಹೇಳಿ ಹೋದರು. ಓಬಳಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅತ್ತರೆ ಸಾಕಿತ್ತು. ಆದರೆ ಅವಳ ಮೈದುನ ಲೋಕೇಶನಿದ್ದನಲ್ಲ, ಅವನು ತುಮಕೂರಿನಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ನಡೆಸಿದ ಮಾರಾಟದ ಶಿಬಿರಕ್ಕೆ ಹೋಗಿ, ಕುತ್ತಿಗೆಗೆ ಹೆಸರುಚೀಟಿಯ ಪಟ್ಟಿ ನೇತುಹಾಕಿಕೊಂಡು ಬಂದಿದ್ದ. ಆ ಪಟ್ಟಿಯನ್ನು ಊಟ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಸಾಧು ಸಂತರೆಂದರೆ ಅವನಿಗೆ ತಾತ್ಸಾರ. ಪಾದುಕಪ್ಪನವರಿಗೆ ಒಂದು ಕಾಸು ಕೊಡಬೇಕಾದೀತೆಂದು ಚಪ್ಪಲಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಬರುವ ಆಸಾಮಿ.

"ಅತ್ತಿಗೆ, ನಿಮ್ಮ ಮಾಲಲ್ಲಿ ದೋಷ ಇಲ್ಲ. ಪ್ರಚಾರ ಇಲ್ಲ, ಅದೇ ದೋಷ" ಎಂದ.

ಮೊದಲು ಒಂದು ಫ್ಲೆಕ್ಸ್ ಬಂತು. ಒಂದು ಕಡೆ ಓಬಳಮ್ಮ ರೇಷ್ಮೆ ಸೀರೆಯಲ್ಲಿ, ಇನ್ನೊಂದು ಕಡೆ, ಹೇಳಲು ನಾಲಿಗೆ ನಡುಗುತ್ತದೆ, ಶ್ರೀಗಳ ಭಾವಚಿತ್ರ. ಕೆಳಗೆ "ಇವರ ಆಶೀರ್ವಾದದೊಂದಿಗೆ". ಕೇಳಿದವರಾರು, ಕೊಟ್ಟವರಾರು. ನಾನು ಎದ್ದು ಹೋಗಿ, "ಸ್ವಾಮಿ, ಇದನ್ನ ಹರಿದು ಬಿಸಾಕಿಸಲಾ?" ಎಂದೆ. ಅವರು ಫ್ಲೆಕ್ಸನ್ನು ಒಂದು ಗಳಿಗೆ ನೋಡಿ, ಯಾರದೋ ಎಕ್ಕಡದ ಕೆಸರು ಒರೆಸುತ್ತಾ, "ನೆರಳು ಚೆನ್ನಾಗಿ ಬಿದ್ದಿದೆ ತಾಯಿ" ಎಂದರು. ನಿಜ, ಅದರ ನೆರಳು ಚಪ್ಪಲಿಗಳ ಮೇಲೆ ಬಿದ್ದಿತ್ತು.

ಆಮೇಲೆ ಧ್ವನಿವರ್ಧಕ. ಒಂದೇ ಕೂಗು ಬೆಳಗಿನಿಂದ ಸಂಜೆವರೆಗೆ ನನ್ನ ಕಿವಿಗೆ ಸುರಿಯಿತು: ಬನ್ನಿ, ಮೂರು ಮೊಳಕ್ಕೆ ಒಂದು ಮೊಳ ಉಚಿತ. ಒಬ್ಬ ಹೆಂಗಸು ನಿಂತು ಕೇಳಿ, "ಇವಳ ನಾಲ್ಕು ಮೊಳ ಸೇರಿದ್ರೆ ಸಾಕಮ್ಮನ ಮೂರು ಮೊಳ ಆಗ್ತದೆ. ಉಚಿತ ಎಲ್ಲಿ ಬಂತವ್ವ?" ಎಂದು ನಕ್ಕು ಆಚೆ ಬುಟ್ಟಿಗೆ ಹೋದಳು.

ಓಬಳಮ್ಮ ಕೈಗಿಂತ ಒಂದು ಗೇಣು ಹೆಚ್ಚಿಗೆ ಬಿಟ್ಟು ಕೊಡತೊಡಗಿದಳು. ಜನ ಆಗ ಏನಂದರು? "ನೋಡಿದ್ರಾ, ಇಷ್ಟು ದಿನ ನುಂಗಿದ್ದನ್ನ ಈಗ ಕಕ್ಕುತಾ ಇದಾಳೆ." ಲೋಕೇಶ ಬಟ್ಟೆ ಅಂಗಡಿಯ ಕಬ್ಬಿಣದ ಗಜಕಡ್ಡಿ ತಂದ. ನಿಂಗರಾಜಯ್ಯನವರ ಹೆಂಡತಿ ಕಿಟಾರನೆ ಕಿರುಚಿ, "ಹೆಣಕ್ಕೆ ಗುಂಡಿ ತೋಡೋರು ಕಡ್ಡೀಲಿ ಅಳೀತಾರೆ ಕಣೇ, ಮುಡಿಯೋ ಹೂವನ್ನ ಅಲ್ಲ" ಎಂದು ಅಷ್ಟೂ ಜನರ ಮುಂದೆ ಕೈ ಕೊಡವಿ ಹೋದಳು. ಅವತ್ತು ಓಬಳಮ್ಮನ ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಬಾಡಿತು.

ಕಡೇ ಸೋಮವಾರ ಹತ್ತಿರ ಬಂತು. ಲೋಕೇಶನ ತಲೆಯಲ್ಲಿ ಉಳಿದದ್ದು ಒಂದೇ ಉಪಾಯ. ಮೊಬೈಲ್ ಹಿಡಿದುಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಚಪ್ಪರದೊಳಗೆ ನುಗ್ಗಿದ.

"ಸ್ವಾಮ್ಗಳೇ, ನಿಮ್ಮನ್ನ ಜನ ನಂಬ್ತಾರೆ. ಒಂದೇ ಮಾತು ಹೇಳಿ ಸಾಕು. ಓಬಳಮ್ಮನ ಹೂವೇ ಶ್ರೇಷ್ಠ ಅನ್ನಿ. ನಾನು ವಿಡಿಯೋ ಮಾಡ್ಕೋತೀನಿ."

ನನ್ನ ಕೈಯಲ್ಲಿ ತೆಂಗಿನಕಾಯಿ ಇತ್ತು. ಅವನ ತಲೆಗೆ ಒಡೆಯುವಷ್ಟು ಕೋಪ ಬಂದಿತ್ತು. ಶ್ರೀಗಳು ಅವನ ಮುಖ ನೋಡಲಿಲ್ಲ, ಕಾಲು ನೋಡಿದರು. ಆಮೇಲೆ ಎದ್ದು, ಪಕ್ಕದ ಓಬಳಮ್ಮನ ಬುಟ್ಟಿಯ ಮುಂದೆ ಹೋಗಿ ನಿಂತರು. ಅಷ್ಟು ವರ್ಷದಲ್ಲಿ ಅವರು ಹೂವು ಕೊಂಡದ್ದನ್ನು ನಾನು ಕಂಡವಳಲ್ಲ.

"ಒಂದು ಮೊಳ ಕೊಡು ತಾಯಿ."

ಓಬಳಮ್ಮ ದಾರದ ತುದಿಯನ್ನು ತನ್ನ ಮೊಣಕೈಗೆ ಇಟ್ಟುಕೊಂಡಳು. ಶ್ರೀಗಳು ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. ಬಡಕಲು ಕೈ, ಉದ್ದನೆಯ ಕೈ, ಬೆರಳುಗಳಿಗೆಲ್ಲ ಊರಿನ ಧೂಳು.

"ಕೊಳ್ಳೋರ ಕೈಗೆ ಅಳೆ" ಎಂದರು.

ಅವಳು ಅಳೆದಳು. ಅವಳ ಒಂದೂವರೆ ಮೊಳದಷ್ಟು ಹೂವು ಹೋಯಿತು. ಶ್ರೀಗಳು ಕಾಸು ಕೊಟ್ಟು, ಹೂವನ್ನು ಕಣ್ಣಿಗೊತ್ತಿಕೊಂಡು ಚಪ್ಪರದ ಕಂಬಕ್ಕೆ ಸುತ್ತಿದರು.

ಲೋಕೇಶ ಮೊಬೈಲ್ ಕೆಳಗಿಳಿಸಿದ. "ಸ್ವಾಮಿ, ಹಿಂಗೆ ಮಾಡಿದ್ರೆ ಅಂಗಡಿ ಮುಚ್ಚಿಕೊಂಡು ಹೋಗ್ತದೆ. ಆರಡಿ ಆಳು ಬಂದು ಕೈ ಚಾಚಿದ್ರೆ ಏನು ಮಾಡೋದು?"

ಶ್ರೀಗಳು ಗೋಣಿತಾಟಿನ ಮೇಲೆ ಕುಳಿತು, ಒಂದು ದೊಡ್ಡ ಬೂಟನ್ನು ಎತ್ತಿ, ಅದರ ಪಕ್ಕಕ್ಕೆ ಒಂದು ಎಳೆ ಕೂಸಿನ ಚಪ್ಪಲಿಯನ್ನು ಇಟ್ಟರು. "ಕಾಲು ದೊಡ್ಡದು ಅಂತ ನಾನು ಯಾರನ್ನಾದರೂ ವಾಪಸ್ ಕಳಿಸಿದೀನಾ?" ಎಂದರು. ಅಷ್ಟೇ. ಮತ್ತೆ ಒರೆಸಲು ಶುರುಮಾಡಿದರು.

ಲೋಕೇಶನ ಶಿಬಿರದಲ್ಲಿ ಇಂಥ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಓಬಳಮ್ಮ ಮಾತ್ರ ಎದ್ದು ಹೋಗಿ ಧ್ವನಿವರ್ಧಕದ ವೈರು ಕಿತ್ತಳು. ನನ್ನ ಕಿವಿಗೆ ಆವತ್ತೇ ಮುಕ್ತಿ ಸಿಕ್ಕಿತು.

ಮಾರನೆಯ ದಿನದಿಂದ ಅವಳು, "ನಿಮ್ಮ ಕೈ ಕೊಡಿ ಅಕ್ಕ" ಎನ್ನತೊಡಗಿದಳು. ಮೊದಲು ಒಬ್ಬಳು ಅನುಮಾನದಿಂದ ಕೈ ಚಾಚಿದಳು. ತನ್ನ ಮೊಣಕೈ, ತನ್ನ ಬೆರಳು, ಹೂವು ಅಲ್ಲೇ ಮೈಮೇಲೆ. ಏನೆಂದು ದೂರುವುದು? ಒಬ್ಬ ಪೊಲೀಸಪ್ಪ ಅಗಸೆಬಾಗಿಲಿನಂಥ ತೋಳು ಚಾಚಿ, ಅರ್ಧ ಬುಟ್ಟಿ ಹೋಗುವುದನ್ನು ಕಂಡು ತಾನೇ ನಾಚಿ ಬೆರಳು ಮಡಿಸಿಕೊಂಡ. ಒಬ್ಬ ಮುದುಕಿ, "ನಂದು ಇಷ್ಟೇನಾ?" ಎಂದು ತನ್ನ ಕೈಯನ್ನೇ ಬೈದುಕೊಂಡು, ಹಿಂದಿದ್ದ ಅಳಿಯನನ್ನು ಮುಂದಕ್ಕೆ ತಳ್ಳಿದಳು. ಜನ ನಗುತ್ತಾ ಸಾಲು ನಿಂತರು. ಕೈಗೆ ಅಂಟಿ ಕೂತ ಹೂವನ್ನು ನೋಡುವಾಗ ಅದರ ಒತ್ತು ಕಣ್ಣಿಗೆ ಬೀಳದೆ ಇರುತ್ತದೆಯೇ. ಆಮೇಲೆ ಸಾಕಮ್ಮನ ಹೂವು ನೋಡಿದವರಿಗೆ ಬರೀ ದಾರ ಕಾಣಿಸಿತು.

ಕಡೇ ಸೋಮವಾರ ನಿಂಗರಾಜಯ್ಯನವರು ಹೆಂಡತಿಯನ್ನು ಹಿಂದಿಟ್ಟುಕೊಂಡು ಬಂದರು. ಬೇಕೆಂದೇ ಜನ ಹೆಚ್ಚಿರುವ ಹೊತ್ತು ನೋಡಿ ಬಂದಿದ್ದರು. ಓಬಳಮ್ಮ ದಾರದ ತುದಿ ಹಿಡಿದು, "ಕೈ ಕೊಡಿ ಸಾಹುಕಾರ್ರೇ" ಎಂದಳು.

ಅವರು ಶಲ್ಯ ಸರಿಸಿ ಕೈ ಚಾಚಿದರು. ಆಗ ಎಲ್ಲರೂ ಕಂಡದ್ದೇನೆಂದರೆ, ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ದೊಡ್ಡ ಪೇಟ ಇರುವ ನಿಂಗರಾಜಯ್ಯನವರ ಕೈ ಓಬಳಮ್ಮನ ಕೈಗಿಂತ ಒಂದು ಬೆರಳು ಗಿಡ್ಡ. ಅಷ್ಟು ಕಾಲ ಶಲ್ಯದೊಳಗೆ ಇದ್ದುಬಿಟ್ಟಿತ್ತು, ಯಾರು ಗಮನಿಸಿದ್ದರು.

"ಇದೇನಾ ಒಂದು ಮೊಳ?" ಎಂದರು ಅವರು.

"ನಿಮ್ದೇ ಮೊಳ" ಎಂದಳು ಓಬಳಮ್ಮ, ಮೆಲ್ಲಗೆ. "ಕಡಿಮೆ ಅನ್ನಿಸಿದ್ರೆ ನನ್ನ ಕೈಲೇ ಅಳೀಲಾ?"

ಮೆಟ್ಟಿಲ ತುಂಬ ನಗು ಹರಿಯಿತು. ಅವರ ಹೆಂಡತಿಯೂ ಸೆರಗಿನ ಮರೆಯಲ್ಲಿ ನಕ್ಕಳು, ನಾನು ಕಣ್ಣಾರೆ ಕಂಡೆ. ನಿಂಗರಾಜಯ್ಯನವರು ಹೂವನ್ನು ತೆಗೆದುಕೊಂಡು, "ಜಾಗ ಇರಲಿ" ಎಂದು ಗೊಣಗಿ ಮೆಟ್ಟಿಲು ಹತ್ತಿದರು. ಆ ಗಡಿಬಿಡಿಯಲ್ಲಿ ಚಪ್ಪಲಿ ಬಿಡುವುದನ್ನೇ ಮರೆತಿದ್ದರು. ಮೇಲಿನಿಂದ ವಾಪಸ್ ಬಂದು ಶ್ರೀಗಳ ಮುಂದೆ ಬಿಟ್ಟು ಹೋಗಬೇಕಾಯಿತು.

ಜನ ಚದುರಿದ ಮೇಲೆ ಲೋಕೇಶ ಫ್ಲೆಕ್ಸ್ ಬಿಚ್ಚಿ ಸುತ್ತಿಕೊಂಡು ಚಪ್ಪರಕ್ಕೆ ಬಂದ. ಸ್ಕೂಟರಿನಿಂದ ತನ್ನ ಚಪ್ಪಲಿ ತೆಗೆದು ತಂದು ಶ್ರೀಗಳ ಎದುರಿಗಿಟ್ಟು ತಲೆ ತಗ್ಗಿಸಿ ನಿಂತ. ಫ್ಲೆಕ್ಸ್ ಏನು ಮಾಡಲಿ ಎಂದು ಕೇಳಿದ.

"ನೆಲ ತೇವ ಇದೆ. ಹಾಸು" ಎಂದರು ಶ್ರೀಗಳು.

ಅವನು ಚಿತ್ರ ಕೆಳಗಾಗುವಂತೆ ಹಾಸಲು ಹೋದ. ಶ್ರೀಗಳು ಅದನ್ನು ಮಗುಚಿ ಹಾಸಿಸಿದರು, ತಮ್ಮ ಮುಖ ಮೇಲಾಗುವಂತೆ. ಅದರ ಮೇಲೆ ಜೋಡಿಡಲು ಯಾರಿಗೆ ಧೈರ್ಯ ಬಂದೀತು? ನಾನಂತೂ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಪೂಜ್ಯರು ಲೋಕೇಶನ ಚಪ್ಪಲಿಯನ್ನೇ ಎರಡೂ ಕೈಯಲ್ಲಿ ಎತ್ತಿ, ಧೂಳು ಒರೆಸಿ, ತಮ್ಮ ಚಿತ್ರದ ಹಣೆಯ ಮೇಲೆ ಇಡುತ್ತಿದ್ದರು, ಮೂತಿ ಗುಡಿಯ ಕಡೆಗೆ. ಲೋಕೇಶ ಕುತ್ತಿಗೆಯ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡದ್ದು ಆಗಲೇ.

ಶ್ರೀಗಳು ಶಿವೈಕ್ಯರಾದ ಮೇಲೆ ಆ ಚಪ್ಪರದಲ್ಲಿ ಕೂತವನು ಲೋಕೇಶನೇ. ಮೊನ್ನೆ ಅದೇ ಶಿಬಿರದವರು ಕಾರಿನಲ್ಲಿ ಬಂದಿದ್ದರು. ಮಾತು ಮುಗಿಯದ ಜನ. ಒಂದು ಹೂವಿನ ಬುಟ್ಟಿ ಇಷ್ಟು ಹೆಸರು ಮಾಡಿದ್ದು ಹೇಗೆ, ನಮ್ಮವರಿಗೂ ಸ್ವಲ್ಪ ಹೇಳಿಕೊಡಬೇಕು ಎಂದು ಅವನನ್ನು ಸುತ್ತುವರಿದರು. ಹಳೆಯ ಲೋಕೇಶನಾಗಿದ್ದರೆ ನನಗೆ ಅವತ್ತು ತಲೆನೋವಿನ ಮಾತ್ರೆ ಬೇಕಾಗುತ್ತಿತ್ತು.

ಅವನು ಎರಡೂ ಕೈ ಮುಂದೆ ಚಾಚಿದ. "ಮೊದಲು ಚಪ್ಪಲಿ ಬಿಡಿ ಸಾರ್" ಎಂದ.