ಗೆಜ್ಜಿಯನ್ನು ಒಪ್ಪಿಸಿಕೊಟ್ಟದ್ದು

ಪೂಜ್ಯ ನೀಲಗಂಗಮ್ಮ ತಾಯಿಯವರು ಆಗ ಕೃಷ್ಣೆಯ ದಂಡೆಯ ಒಂದು ತಗಡಿನ ಕೋಣೆಯಲ್ಲಿ ವಾಸವಾಗಿದ್ದರು. ಊರವರು ಅದನ್ನೇ ಮಠವೆನ್ನುತ್ತಿದ್ದರು. ಬೇಡವಾದ ನಾಯಿ ಬೆಕ್ಕುಗಳನ್ನು ಅಲ್ಲಿಗೆ ಬಿಟ್ಟು, ಪುಣ್ಯ ಬಂತೆಂದು ಕೈಮುಗಿದು ಹೋಗುವವರು ಬಹಳ. ನಾನೂ ಅಂಥವನೇ. ತಾಯಿಯವರಿಲ್ಲದ ಹೊತ್ತು ನೋಡಿ ಎರಡು ಬೆಕ್ಕಿನ ಮರಿಗಳನ್ನು ಅಂಗಳದಲ್ಲಿ ಬಿಟ್ಟಿದ್ದೆ. ಆದ್ದರಿಂದ ಈ ಪ್ರಸಂಗವನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮರುವಾರ ನಾನು ದರ್ಶನಕ್ಕೆ ಹೋಗಿದ್ದಾಗ ದರ್ಜಿ ಈರಭದ್ರಪ್ಪನವರು ಕಂದು ನಾಯಿಯೊಂದನ್ನು ತಂದು ಬೇವಿನ ಗಿಡಕ್ಕೆ ಕಟ್ಟಿದರು. ಅವರ ಒಬ್ಬಳೇ ಮಗಳು ಶಾಂಭವಿ ಸಾಕಿದ ನಾಯಿ ಅದು, ಹೆಸರು ಗೆಜ್ಜಿ. ಹತ್ತೊಂಬತ್ತರ ಆ ಹುಡುಗಿ ಜ್ವರದಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಅವಳು ಕಾಲೇಜಿನಿಂದ ಬರುತ್ತಿದ್ದ ಹೊತ್ತಿಗೆ ನಾಯಿ ಆಮೇಲೂ ದಿನಾ ಹೊಸ್ತಿಲಲ್ಲಿ ಕೂತು ದಾರಿ ಕಾಯುತ್ತಿತ್ತು. ಅದನ್ನು ನೋಡಿ ನೋಡಿ ಈರಭದ್ರಪ್ಪನವರ ಹೆಂಡತಿ ಅನ್ನ ಬಿಟ್ಟಿದ್ದರು. ಈರಭದ್ರಪ್ಪನವರೇ ಒಮ್ಮೆ ಅದನ್ನು ಹೊಳೆಯಾಚೆ ಬಿಟ್ಟು ಬಂದರೂ ನಾಲ್ಕನೆಯ ದಿನ ಕುಂಟುತ್ತ ಮರಳಿತ್ತು.

"ಇದನ್ನ ಮಠಕ್ಕ ಬಿಟ್ಟೇನ್ರಿ ತಾಯಿ" ಎಂದು ಅವರು ಹೊರಟರು. ಮಗಳನ್ನು ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲವೆಂದು ಊರು ಆಡಿಕೊಳ್ಳುತ್ತಿತ್ತು.

ತಾಯಿಯವರು ಅವರನ್ನು ನಿಲ್ಲಿಸಿ, ದೋಣಿ ನಡೆಸುವ ಹುಲಿಗೆಮ್ಮನನ್ನು ಕರೆಸಿದರು. ಆಕೆಯ ನಾಯಿ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತು. "ಇದನ್ನ ಸಾಕ್ತೀಯೇನವ್ವಾ?" ಎಂದು ಕೇಳಿ, ಆಕೆ ಒಪ್ಪಿದ ಮೇಲೆ ಈರಭದ್ರಪ್ಪನವರಿಗೆ ಹೇಳಿದರು: "ಬಿಟ್ಟು ಹೋಗಬ್ಯಾಡಪ್ಪಾ. ಮಗಳನ್ನ ಒಪ್ಪಿಸಿಕೊಟ್ಟಂಗ ಒಪ್ಪಿಸಿಕೊಡು."

ಮದುವೆ ಮುಗಿದ ಮೇಲೆ ಹೆತ್ತವರು ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು, ಅವಳ ಸ್ವಭಾವ ಹೇಳಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬೇಡುವ ಶಾಸ್ತ್ರವದು. ಈರಭದ್ರಪ್ಪನವರಿಗೆ ಆ ಭಾಗ್ಯ ಬರಲಿಲ್ಲ.

ಅವರು ಗಿಡಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಆಮೇಲೆ ನೆಲಕ್ಕೆ ಕುಳಿತು, ನಾಯಿಯ ಮುಂಗಾಲನ್ನು ಹುಲಿಗೆಮ್ಮನ ಕೈಯಲ್ಲಿಟ್ಟರು.

"ಒಣ ರೊಟ್ಟಿ ತಿನ್ನಂಗಿಲ್ರಿ, ಹಾಲಾಗ ನೆನಸಬೇಕು. ಗುಡುಗಿದ್ರ ಅಂಜತೈತಿ, ಕಿವಿ ಹಿಂದ ಸವರ್ರಿ. ಹಿಂಗಾಲು ನೋವೈತಿ, ಅದು ನಾ ಮಾಡಿದ್ದು. ಬೈಬ್ಯಾಡ್ರಿ. ಬೈಸಿಕೊಂಡು ಗೊತ್ತಿಲ್ರಿ ನನ್ನ ಮಗಳಿಗೆ..."

ನಾಯಿಯ ಕೊರಳಿಗೆ ಮುಖವಿಟ್ಟು ಅತ್ತರು. ತಾಯಿಯವರು ಸಮಾಧಾನ ಹೇಳಲಿಲ್ಲ, ತಾವೂ ಕಣ್ಣೊರೆಸಿಕೊಂಡರು. ಆದರೆ ಹುಲಿಗೆಮ್ಮನ ಕೈಯಿಂದ ಗೆಜ್ಜಿ ಹಾಲಲ್ಲಿ ನೆನೆಸಿದ ರೊಟ್ಟಿ ತಿನ್ನುವವರೆಗೂ ಈರಭದ್ರಪ್ಪನವರನ್ನು ಏಳಗೊಡಲಿಲ್ಲ.

ಈಗಲೂ ಪ್ರತಿ ಸೋಮವಾರ ದಂಪತಿಗಳಿಬ್ಬರೂ ತಂಬಿಗೆಯಲ್ಲಿ ಹಾಲು ಹಿಡಿದು ಹುಲಿಗೆಮ್ಮನ ಮನೆಗೆ ಹೋಗಿಬರುತ್ತಾರೆ.

ಅಂದು ಅವರೆಲ್ಲ ಹೋದ ಮೇಲೆ ನಾನು ತಾಯಿಯವರ ಪಾದಕ್ಕೆ ಬಿದ್ದು ತಪ್ಪೊಪ್ಪಿಕೊಂಡೆ. ಅವರು ಮರಿಗಳು ನುಸುಳಿಹೋದ ಬೇಲಿಯ ಕಡೆ ಕೈ ತೋರಿಸಿದರು. ಸಂಜೆಯವರೆಗೆ ಮರಿಗಳನ್ನು ಹುಡುಕಿದೆ. ಒಂದೇ ಸಿಕ್ಕಿತು.