ಕತ್ತೆ ಆರಿಸಿಕೊಂಡ ಒಲೆ

ವರ್ಷಕ್ಕೊಮ್ಮೆ ಗುಡ್ಡದ ಮೇಲೆ ಬಿಡಾರ ಹೂಡಿ ಜೋಳದ ತೆನೆ ಸುಟ್ಟು ತಿನ್ನುವುದು ಆ ಕಾಡಿನ ಪ್ರಾಣಿಗಳ ರೂಢಿ. ಯಾವ ಒಲೆ ಒಯ್ಯಬೇಕೆಂದು ನರಿ ಆರಿಸುತ್ತಿತ್ತು, ಅದನ್ನು ಕತ್ತೆ ಹೊರುತ್ತಿತ್ತು. ಪ್ರತಿ ಸಲವೂ ಅರ್ಧ ಏರಿನಲ್ಲಿ ನಿಂತು ಕತ್ತೆ, “ಈ ಹೊರೆಯನ್ನು ಆರಿಸಿದ ಮೂರ್ಖ ಯಾರು?” ಎಂದು ಗದರುತ್ತಿತ್ತು. ನರಿ ತಲೆ ತಗ್ಗಿಸುತ್ತಿತ್ತು.

ಬೈಸಿಕೊಂಡು ಸಾಕಾದ ನರಿ ಈ ವರ್ಷ, “ಕತ್ತೆಯಣ್ಣಾ, ಹೊಸ ಗ್ಯಾಸ್ ಒಲೆ ಕೊಳ್ಳಬೇಕು. ನೀನೇ ಆರಿಸಿಬಿಡು” ಎಂದಿತು.

ಕತ್ತೆ ಎದೆಯುಬ್ಬಿಸಿಕೊಂಡು ಕರಡಿಯ ಅಂಗಡಿಗೆ ಹೋಯಿತು. ಕರಡಿ ಕಾಲು ಮಡಚುವ ಪುಟ್ಟ ಒಲೆಯೊಂದನ್ನು ಮುಂದಿಟ್ಟು, “ಗುಡ್ಡ ಹತ್ತುವವರಿಗೆ ಇದು ಸಾಕು. ಚೀಲದಲ್ಲಿ ಹಿಡಿಯುತ್ತದೆ” ಎಂದಿತು.

“ನನ್ನನ್ನು ಏನೆಂದುಕೊಂಡೆ?” ಎಂದಿತು ಕತ್ತೆ. ಅದರ ಕಣ್ಣು ಆಗಲೇ ಮೂಲೆಯಲ್ಲಿದ್ದ ಮೂರು ಬರ್ನರಿನ, ಕಬ್ಬಿಣದ ಜಾಲರಿಯ, ಹೊಳೆಯುವ ಮುಚ್ಚಳದ ಒಲೆಯ ಮೇಲೆ ನೆಟ್ಟಿತ್ತು. “ಅದನ್ನು ಕೊಡು.”

“ಒಮ್ಮೆ ಎತ್ತಿ ನೋಡಬಾರದೇ?”

“ಎತ್ತುವುದು ದಿನವೂ ಇದ್ದದ್ದೇ. ಇವತ್ತು ನಾನು ಆರಿಸುವವನು.”

ಆರಿಸುವ ಗತ್ತು ತಲೆಗೇರಿದಾಗ ಬೆನ್ನಿನ ನೆನಪು ಯಾರಿಗಿರುತ್ತದೆ?

ಮರುದಿನ ಆ ಒಲೆ, ಅದರ ಸಿಲಿಂಡರು, ತೆನೆಯ ಮೂಟೆ ಎಲ್ಲವೂ ಕತ್ತೆಯ ಬೆನ್ನೇರಿದವು. ಅರ್ಧ ಏರಿನಲ್ಲಿ ಅದರ ಮೊಣಕಾಲು ಕುಸಿಯಿತು. ಅಲ್ಲಿಯೇ ಕುಳಿತು, ಉಸಿರು ತಿರುಗಿದೊಡನೆ ಕತ್ತೆ ಎಂದಿನಂತೆ ಗದರಿತು: “ಈ ಹೊರೆಯನ್ನು ಆರಿಸಿದ ಮೂರ್ಖ ಯಾರು?”

ಎಲ್ಲ ಪ್ರಾಣಿಗಳೂ ಅದರ ಮುಖವನ್ನೇ ನೋಡಿದವು. ಈ ಸಲ ನರಿ ತಲೆ ತಗ್ಗಿಸಲಿಲ್ಲ.