ಆರು ಹಸುಗಳಿಗೆ ಆರು ದನಿ

"ಗುರುಗಳೇ, ಹಾಡಿನ ದನಿಗಳನ್ನೆಲ್ಲ ತಾನೇ ಹದವಾಗಿ ಬೆರೆಸಿಕೊಡುವ ಸಾಫ್ಟ್‌ವೇರ್ ಬಂದಿದೆ. ನನ್ನಂಥ ಹೊಸಬನಿಗೆ ಅದರಿಂದ ಒಳ್ಳೆಯದೋ ಕೆಟ್ಟದ್ದೋ?" ಎಂದು ಬಸಲಿಂಗ ಕೇಳಿದ. ಅವನು ಮಿಕ್ಸಿಂಗ್ ಕಲಿಯಲು ಸ್ಟುಡಿಯೋ ಸೇರಿ ನಾಲ್ಕು ತಿಂಗಳಾಗಿತ್ತು. ತನ್ನ ಮೊದಲ ಹಾಡನ್ನು ಅಂದು ಸಂಜೆಯೊಳಗೆ ಒಪ್ಪಿಸಬೇಕಿತ್ತು. ಸಾಫ್ಟ್‌ವೇರ್ ಅದನ್ನು ಎರಡು ನಿಮಿಷದಲ್ಲಿ ಮುಗಿಸಿಕೊಟ್ಟಿತ್ತು.

ಫಕೀರಪ್ಪ ಮೇಷ್ಟ್ರು ಆ ಹಾಡನ್ನು ಪೂರ್ತಿ ಕೇಳಿ ಹೆಡ್‌ಫೋನ್ ತೆಗೆದಿಟ್ಟರು. "ಎರಡೇ ನಿಮಿಷ! ಭಲೇ. ಹಾಗಾದರೆ ಒಂದು ಕತೆ ಕೇಳುವಷ್ಟು ಪುರುಸೊತ್ತು ನಿನಗಿದೆ" ಎಂದು ಶುರುಮಾಡಿದರು.

ಒಬ್ಬ ಕಂಚುಗಾರನಿದ್ದ. ಕಸುಬಿಗೆ ಹೊಸಬ. ಅವನ ಅಪ್ಪ ದನಗಳ ಕೊರಳಿಗೆ ಕಟ್ಟುವ ಗಂಟೆ ಮಾಡುತ್ತಿದ್ದ. ಬಡಿದು ಕೇಳಿ, ಅರದಿಂದ ಉಜ್ಜಿ, ಮತ್ತೆ ಬಡಿದು ಕೇಳಿ, ಒಂದೊಂದಕ್ಕೂ ಎರಡೆರಡು ದಿನ ಕೂರುತ್ತಿದ್ದ. ಮಗನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಪ್ಪ ತೀರಿಕೊಂಡ ಮೇಲೆ ಪೇಟೆಯಿಂದ ಒಂದು ಅಚ್ಚು ತಂದ. ಕಣ್ಣು ಮುಚ್ಚಿ ಎರೆದರೂ ಚೊಕ್ಕ ದನಿ ಬರುತ್ತಿತ್ತು. ಅಪ್ಪನ ಅರಕ್ಕೆ ತುಕ್ಕು ಹಿಡಿಯಿತು.

ಕಾಡಿನಲ್ಲಿ ಹಸು ಮೇಯಿಸುವ ಹೆಂಗಸೊಬ್ಬಳು ಬಂದು ಒಂದು ಗಂಟೆ ಅಲ್ಲಾಡಿಸಿ ನೋಡಿದಳು. "ಎಂಥಾ ದನಿಯಪ್ಪಾ!" ಎಂದು ಏಳು ಹಸುಗಳಿಗೆ ಏಳು ಗಂಟೆ ಒಯ್ದಳು.

ಹದಿನೈದು ದಿನಕ್ಕೆ ಆರು ಗಂಟೆ ಬಿಚ್ಚಿ ತಂದು ಅವನ ಮುಂದೆ ಸುರಿದಳು. "ಗಂಟೆಯಲ್ಲಿ ಕುಂದಿಲ್ಲ ಅಣ್ಣಾ. ಆದರೆ ನನ್ನ ತುಂಬು ಗಬ್ಬದ ಹಸು ಮಂಜಿನಲ್ಲಿ ತಪ್ಪಿಸಿಕೊಂಡಿತು. ದನಿ ಕೇಳಿದ ಕಡೆಗೆಲ್ಲ ಓಡಿದೆ. ಓಡಿದಾಗಲೆಲ್ಲ ಬೇರೆ ಹಸುವೇ ನಿಂತಿತ್ತು. ಅಷ್ಟರೊಳಗೆ ಅದನ್ನು ಚಿರತೆ ಹಿಡಿದಿತ್ತು. ಇವುಗಳಿಗಾದರೂ ಒಂದೊಂದಕ್ಕೆ ಒಂದೊಂದು ದನಿ ಮಾಡಿಕೊಡು" ಎಂದಳು. ಮಾತು ಮುಗಿಸುವಷ್ಟರಲ್ಲಿ ಅತ್ತುಬಿಟ್ಟಳು.

ಕಂಚುಗಾರ ಅರ ಹುಡುಕಿ ತೆಗೆದ. ಎಲ್ಲಿ ಉಜ್ಜಬೇಕು? ಗೊತ್ತಿರಲಿಲ್ಲ. ಮುನ್ನೂರು ಗಂಟೆ ಮಾರಿದ್ದ, ಒಂದನ್ನೂ ಕಿವಿಗೊಟ್ಟು ಕೇಳಿರಲಿಲ್ಲ. ನಾಚಿಕೆಯಿಂದ ಅವನ ತಲೆ ತಗ್ಗಿತು.

"ಅಕ್ಕಾ, ನನಗೆ ಬರುವುದಿಲ್ಲ. ಆದರೆ ಕಲಿಯದೆ ಬಿಡುವವನಲ್ಲ" ಎಂದ.

ಅಂದೇ ಕೂತ. ಮೊದಲನೆಯದು ಸೀಳಿಹೋಯಿತು, ಮತ್ತೆ ಎರೆಯಬೇಕಾಯಿತು. ಎರಡನೆಯದು ಬೊಗಸೆಯಲ್ಲಿ ಕಲ್ಲು ಕುಲುಕಿದಂತೆ ಸದ್ದು ಮಾಡಿತು. ಊರವರು ನಕ್ಕರು. ನಗಲಿ ಬಿಡು! ಅಂಚು ಉಜ್ಜಿದರೆ ದನಿ ಏರುತ್ತದೆ, ಒಳಮೈ ಉಜ್ಜಿದರೆ ಇಳಿಯುತ್ತದೆ ಎಂದು ತಿಳಿಯಲು ಅವನಿಗೆ ಒಂದು ತಿಂಗಳು ಹಿಡಿಯಿತು. ಹಾಡುತ್ತ ಹಾಡುತ್ತ ರಾಗ ಎನ್ನುವುದು ಸುಳ್ಳಲ್ಲ. ಆರು ಗಂಟೆ ಹದಕ್ಕೆ ಬರುವಷ್ಟರಲ್ಲಿ ಅವನ ಅಂಗೈಯ ಚರ್ಮ ಎರಡು ಸಲ ಸುಲಿದಿತ್ತು. ಆ ಹೆಂಗಸು ಗೋಡೆಯಾಚೆ ನಿಂತು ಕೇಳಿ, ಯಾವುದನ್ನು ಯಾವ ಹಸುವಿಗೆ ಕಟ್ಟಬೇಕೆಂದು ಒಂದೊಂದಾಗಿ ಹೆಸರು ಹೇಳಿದಳು.

"ಹಾಗಾದರೆ ಅಚ್ಚನ್ನು ಎಸೆದುಬಿಟ್ಟನೇ?" ಎಂದು ಬಸಲಿಂಗ ಕೇಳಿದ.

"ಯಾಕೆ ಎಸೆಯಬೇಕು? ಇವತ್ತಿಗೂ ಎರೆಯುವುದು ಅದರಲ್ಲೇ. ಆದರೆ ಈಗ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ."

ಬಸಲಿಂಗನ ಮುಖ ಅರಳಿತು. ಮೇಷ್ಟ್ರು ಹೆಡ್‌ಫೋನನ್ನು ಅವನ ಕೈಗೆ ಕೊಟ್ಟರು.

"ಈಗ ಕೇಳಿ ಹೇಳು, ನಿನ್ನ ಹಾಡಿನಲ್ಲಿ ತಪ್ಪಿಸಿಕೊಂಡ ದನಿ ಯಾರದು?"